ಇಟಾಲಿಯನ್ ಕ್ರಿಯಾಪದ: ಕನ್ನಡದ ಕಿವಿಯಿಂದ ಕಲಿಯುವ ದಾರಿ

ಇಟಾಲಿಯನ್ ಕಲಿಯಲು ಉತ್ಸಾಹದಿಂದ ಕೂತವರು ಎದ್ದು ಹೋಗುವುದು, ನಾನು ನೋಡಿದ ಮಟ್ಟಿಗೆ, ಒಂದೇ ಜಾಗದಲ್ಲಿ. ಪುಸ್ತಕದ ಕೊನೆಯಲ್ಲಿರುವ ಕ್ರಿಯಾಪದಗಳ ಕೋಷ್ಟಕ ತೆರೆದಾಗ. ಒಂದು ಕ್ರಿಯಾಪದಕ್ಕೆ 7 ಅರ್ಥರೂಪ. ಅವುಗಳೊಳಗೆ ಒಟ್ಟು 21 ಕಾಲರೂಪ. ಹೆಚ್ಚಿನವುಗಳಲ್ಲಿ ಆರಾರು ಪ್ರತ್ಯಯ. ನೋಡಿದರೆ ತಲೆ ತಿರುಗುತ್ತದೆ.

ಇಟಲಿಯ ಬೊಲೊನ್ಯಕ್ಕೆ ಓದಲು ಹೋದ ಹೊಸತರಲ್ಲಿ ನನ್ನ ಪಾಡೂ ಅದೇ ಆಗಿತ್ತು. ಇಂಗ್ಲಿಷ್‌ನಲ್ಲಿ ಬರೆದ ವ್ಯಾಕರಣ ಪುಸ್ತಕ ಇಟ್ಟುಕೊಂಡಿದ್ದೆ. ಒಂದು ದಿನ ಮೇಷ್ಟ್ರು ನನ್ನ ನೋಟ್‌ಬುಕ್ ವಾಪಸ್ ಕೊಟ್ಟಾಗ ಸಾಲು ಸಾಲಿನಲ್ಲೂ ಒಂದೇ ಪದದ ಮೇಲೆ ಕೆಂಪು ಗೆರೆ ಎಳೆದಿತ್ತು. 'ಈಯೊ'. ಅಂದರೆ 'ನಾನು'. ವ್ಯಾಕರಣ ತಪ್ಪಿರಲಿಲ್ಲ, ಆದರೆ ಆ ಪದ ಬೇಕಿರಲಿಲ್ಲ. ಅದೇ ರಾತ್ರಿ ಫೋನಿನಲ್ಲಿ ಅಮ್ಮನಿಗೆ "ಊಟ ಮಾಡಿದ್ದೀನಿ, ಮಲಗ್ತೀನಿ" ಅಂದೆ. ಅಲ್ಲಿ 'ನಾನು' ಒಂದು ಸಲವೂ ಬರಲಿಲ್ಲ. ಕೊನೆಯ 'ಈನಿ' ಸಾಕಾಗಿತ್ತು.

ಯಾರು ಮಾತಾಡುತ್ತಿದ್ದಾರೆ ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುವ ಭಾಷೆ ನಮ್ಮದು. ಇಟಾಲಿಯನ್ನೂ ಹಾಗೇ. ಆದ್ದರಿಂದ ನನ್ನ ಸಲಹೆ ಇಷ್ಟು: ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಹೋಗಬೇಡಿ. ಶಾಲೆಯಲ್ಲಿ ಕಲಿತ ಧಾತು, ಆಖ್ಯಾತ ಪ್ರತ್ಯಯ, ಸಕರ್ಮಕ, ಸಂಭಾವನಾರ್ಥಕಗಳನ್ನು ನೆನಪು ಮಾಡಿಕೊಂಡು ಕನ್ನಡದಿಂದಲೇ ನೇರ ಹೋಗಿ.

ಶುರು ಮಾಡುವ ಮುನ್ನ ಉಚ್ಚಾರಣೆಯ ಬಗ್ಗೆ ಎರಡು ಮಾತು. ಇಟಾಲಿಯನ್ನರ ತ, ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗುತ್ತವೆ. ಟ, ಡ ಅನ್ನಬೇಡಿ. ಒತ್ತಕ್ಷರವನ್ನು ಒತ್ತಿಯೇ ಹೇಳಬೇಕು. ಕೆಳಗೆ ನಾನು ದೀರ್ಘ ಬರೆದ ಕಡೆ ದನಿಯ ಒತ್ತು ಅಲ್ಲಿಯೇ ಬೀಳುತ್ತದೆ.

ಹೆಜ್ಜೆ 1: ಬಾಲ ಕತ್ತರಿಸಿ, ಹೊಸ ಬಾಲ ಜೋಡಿಸಿ

ನಿಘಂಟಿನಲ್ಲಿ ಸಿಗುವ ಕ್ರಿಯಾಪದ ಸಾಮಾನ್ಯವಾಗಿ 'ಆರೆ', 'ಎರೆ', 'ಇರೆ' ಈ ಮೂರರಲ್ಲಿ ಒಂದರಿಂದ ಮುಗಿಯುತ್ತದೆ. ಪರ್ಲಾರೆ ಅಂದರೆ ಮಾತಾಡುವುದು. 'ಆರೆ' ತೆಗೆದರೆ ಉಳಿಯುವ 'ಪರ್ಲ್' ಧಾತು. ಅದಕ್ಕೆ ವರ್ತಮಾನದ ಬಾಲಗಳನ್ನು ಹಚ್ಚಿ: ಪಾರ್ಲೊ (ಮಾತಾಡುತ್ತೇನೆ), ಪಾರ್ಲಿ (ಮಾತಾಡುತ್ತೀಯ), ಪಾರ್ಲ (ಮಾತಾಡುತ್ತಾನೆ, ಮಾತಾಡುತ್ತಾಳೆ), ಪರ್ಲ್ಯಾಮೊ (ಮಾತಾಡುತ್ತೇವೆ), ಪರ್ಲಾತೆ (ನೀವೆಲ್ಲ ಮಾತಾಡುತ್ತೀರಿ), ಪಾರ್ಲನೊ (ಮಾತಾಡುತ್ತಾರೆ). ಕೊನೆಯದರಲ್ಲಿ ಒತ್ತು ಮೊದಲ ಅಕ್ಷರದ ಮೇಲೇ ಇರುತ್ತದೆ. 'ಪರ್ಲಾನೊ' ಅಂತ ಎಳೆಯುವುದು ಹೊಸಬರೆಲ್ಲ ಮಾಡುವ ತಪ್ಪು.

ಬೇರೆ ಎರಡು ಗುಂಪುಗಳಲ್ಲಿ ಬಾಲದ ಸ್ವರ ಸ್ವಲ್ಪ ಬದಲಾಗುತ್ತದೆ, ಅಷ್ಟೆ. 'ಇರೆ' ಗುಂಪಿನ ಹಲವು ಕ್ರಿಯಾಪದಗಳು ಮಾತ್ರ ನಡುವೆ ಒಂದು 'ಇಸ್ಕ್' ಸೇರಿಸಿಕೊಳ್ಳುತ್ತವೆ. ಕಪೀರೆ (ಅರ್ಥವಾಗುವುದು) ತಗೊಳ್ಳಿ: ಕಪೀಸ್ಕೊ, ಕಪೀಶಿ, ಕಪೀಶೆ, ಕಪ್ಯಾಮೊ, ಕಪೀತೆ, ಕಪೀಸ್ಕೊನೊ. ಮುಂದೆ ಇ, ಎ ಬಂದಾಗ 'ಸ್ಕ್' ಹೋಗಿ 'ಶ್' ಆಗುವುದನ್ನು ಗಮನಿಸಿ. ಇದನ್ನು ನಿಯಮವಾಗಿ ಓದುವುದಕ್ಕಿಂತ ಹತ್ತು ಸಲ ಬಾಯಿಬಿಟ್ಟು ಹೇಳಿದರೆ ಬೇಗ ಹತ್ತುತ್ತದೆ.

ಮರ್ಯಾದೆಯ ವಿಷಯದಲ್ಲಿ ಒಂದು ಎಚ್ಚರ. ನಾವು ಹಿರಿಯರಿಗೆ ಬಹುವಚನ ಹಾಕುತ್ತೇವೆ. ಇಟಾಲಿಯನ್ನರು ಏಕವಚನದ ಪ್ರಥಮ ಪುರುಷ ಹಾಕುತ್ತಾರೆ. ಗೆಳೆಯನಿಗೆ 'ಪಾರ್ಲಿ', ಅಪರಿಚಿತ ಹಿರಿಯರಿಗೆ 'ಲೇಯ್ ಪಾರ್ಲ'. 'ಲೇಯ್' ಅಂದರೆ ಮೂಲದಲ್ಲಿ 'ಅವಳು'. ಗಂಡಸರಿಗೂ ಅದೇ.

ಹೆಜ್ಜೆ 2: ಎರಡು ಬೀಗದಕೈ

ಎಸ್ಸೆರೆ (ಇರುವುದು): ಸೋನೊ, ಸೇಯ್, ಎ, ಸ್ಯಾಮೊ, ಸ್ಯೇತೆ, ಸೋನೊ. ಅವೇರೆ (ತನ್ನ ಬಳಿ ಇರುವುದು): ಓ, ಆಯ್, ಆ, ಅಬ್ಬ್ಯಾಮೊ, ಅವೇತೆ, ಅನ್ನೊ. ಇವೆರಡು ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 3: 'ಹೋಗಿದ್ದೇನೆ' ಒಡೆದು ನೋಡಿ

ಮಾತಿನಲ್ಲಿ ಜಾಸ್ತಿ ಬಳಕೆಯಾಗುವ ಭೂತಕಾಲ ಪಸ್ಸಾತೊ ಪ್ರೊಸ್ಸಿಮೊ. ಇದನ್ನು ಕಲಿಯಲು 'ಹೋಗಿದ್ದೇನೆ' ಎಂಬ ಪದವನ್ನು ಬಿಡಿಸಿ. ಹೋಗಿ + ಇದ್ದೇನೆ. ಇಟಾಲಿಯನ್‌ನಲ್ಲಿ ಇವೇ ತುಂಡುಗಳು ಹಿಂದುಮುಂದಾಗಿ ಬರುತ್ತವೆ: ಸೋನೊ ಅಂದಾತ. 'ಇದ್ದೇನೆ' ಮೊದಲು, 'ಹೋಗಿ' ಆಮೇಲೆ.

ಈಗ 'ಹೋಗಿದ್ದೆ' ಅನ್ನಿ. ನಾವು ಬದಲಿಸಿದ್ದು 'ಇರು' ಒಂದನ್ನೇ, ಅಲ್ವಾ? ಅಲ್ಲೂ ಅಷ್ಟೆ: ಏರೊ ಅಂದಾತ. 'ಹೋಗಿರುತ್ತೇನೆ' ಬೇಕಾದರೆ ಸರೋ ಅಂದಾತ. ಸಹಾಯಕ ಕ್ರಿಯಾಪದದ ಕಾಲ ಬದಲಿಸಿದರೆ ಇಡೀ ಹೊಸ ಕಾಲ ಸಿದ್ಧ. 21 ಕಾಲರೂಪಗಳಲ್ಲಿ 9 ಹೀಗೆ ಕಟ್ಟಿದವು. ಅವುಗಳನ್ನು ಬೇರೆಯಾಗಿ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಕೋಷ್ಟಕದ ಹತ್ತಿರ ಹತ್ತಿರ ಅರ್ಧ ಭಾರ ಇಲ್ಲೇ ಇಳಿಯಿತು.

ಒಂದು ವ್ಯತ್ಯಾಸ ಇದೆ. ನಾವು ಎಲ್ಲಕ್ಕೂ 'ಇರು' ಹಚ್ಚುತ್ತೇವೆ. ಅವರು ಹಂಚಿಕೊಂಡಿದ್ದಾರೆ. ಸಕರ್ಮಕವಾದರೆ ಯಾವಾಗಲೂ ಅವೇರೆ: ಓ ಮಂಜಾತೊ ಉನಾ ಮೇಲ, 'ಒಂದು ಸೇಬು ತಿಂದಿದ್ದೇನೆ'. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು, ಹೀಗೆ ಜಾಗ ಅಥವಾ ಸ್ಥಿತಿ ಬದಲಾಗುವ ಅಕರ್ಮಕಗಳಿಗೆ ಎಸ್ಸೆರೆ. ಅಕರ್ಮಕವಾದರೂ ಅವೇರೆ ಹಿಡಿಯುವವು ಕೆಲವಿವೆ. ನಿದ್ದೆ ಮಾಡುವುದು (ಓ ದೊರ್ಮೀತೊ) ಅಂಥದ್ದು. ಎಸ್ಸೆರೆ ಬಂದಾಗ ಲಿಂಗ, ವಚನ ಕಾಣಿಸಬೇಕು. ಹುಡುಗ ಅಂದಾತೊ, ಹುಡುಗಿ ಅಂದಾತ, ಹುಡುಗರು ಅಂದಾತಿ, ಹುಡುಗಿಯರು ಅಂದಾತೆ. ಹೋದ, ಹೋದಳು ಅಂತ ದಿನವಿಡೀ ಹೇಳುವ ನಮಗೆ ಇದು ಭಾರವಲ್ಲ.

ಇನ್ನು ನಿಯಮ ತಪ್ಪುವ ರೂಪಗಳು. ಮಾಡುವುದಕ್ಕೆ ಫತ್ತೊ, ಹೇಳುವುದಕ್ಕೆ ದೆತ್ತೊ, ಬರೆಯುವುದಕ್ಕೆ ಸ್ಕ್ರಿತ್ತೊ, ಓದುವುದಕ್ಕೆ ಲೆತ್ತೊ, ಮುರಿಯುವುದಕ್ಕೆ ರೊತ್ತೊ. ಇದನ್ನು ಕೇಳಿ ಹೆದರುವವರು ನಮ್ಮದನ್ನು ನೋಡಿ. ಕೊಡು–ಕೊಟ್ಟ, ಇಡು–ಇಟ್ಟ, ಗೆಲ್ಲು–ಗೆದ್ದ, ಸಾಯು–ಸತ್ತ. ಯಾವ ಮಗುವಿಗೂ ಯಾರೂ ಪಟ್ಟಿ ಕೊಟ್ಟು ಇದನ್ನು ಕಲಿಸಿಲ್ಲ. ದಿನಾ ಬಾಯಲ್ಲಿ ಆಡುವ ಪದಗಳೇ ಹೀಗೆ ಬೇರೆ ರೂಪ ತಾಳಿರುತ್ತವೆ. ದಿನಾ ಆಡುವುದರಿಂದಲೇ ಅವು ಬೇಗ ಕೂರುತ್ತವೆ ಕೂಡ.

ಹೆಜ್ಜೆ 4: 'ಮಾಡುತ್ತಿದ್ದೆ'

ಇಂಪೆರ್ಫೆತ್ತೊ ಎಲ್ಲಕ್ಕಿಂತ ಸುಲಭ. ಪರ್ಲಾವೊ, ಪರ್ಲಾವಿ, ಪರ್ಲಾವ, ಪರ್ಲವಾಮೊ, ಪರ್ಲವಾತೆ, ಪರ್ಲಾವನೊ. ನಾವು 'ಉತ್ತಿದ್ದೆ' ಹಾಕುವ ಕಡೆಯೆಲ್ಲ ಇದನ್ನು ಹಾಕಿದರೆ ಬಹುಪಾಲು ಸರಿ ಹೋಗುತ್ತದೆ. "ನಿದ್ದೆ ಮಾಡುತ್ತಿದ್ದೆ, ಅಷ್ಟರಲ್ಲಿ ನೀನು ಬಂದೆ": ದೊರ್ಮೀವೊ ಕ್ವಾಂದೊ ಸೇಯ್ ಅರ್ರಿವಾತೊ. 'ಚಿಕ್ಕವಳಿದ್ದಾಗ ದಿನಾ ಹೋಗುತ್ತಿದ್ದೆ' ಎಂಬ ರೂಢಿಗೂ ಇದೇ ರೂಪ. ಕತೆ ಶುರುವಾಗುವ 'ಚೇರ ಉನಾ ವೋಲ್ತ', ಅಂದರೆ 'ಒಂದಾನೊಂದು ಕಾಲದಲ್ಲಿ ಇತ್ತು', ಅದೂ ಇದೇ.

ಪಸ್ಸಾತೊ ರೆಮೋತೊ ಎಂಬ ಇನ್ನೊಂದು ಭೂತಕಾಲ ಇದೆ. ಕಾದಂಬರಿ, ಇತಿಹಾಸದ ಪುಸ್ತಕಗಳಲ್ಲಿ ತುಂಬಾ ಸಿಗುತ್ತದೆ. ಟಸ್ಕನಿಯಲ್ಲಿ, ದಕ್ಷಿಣದಲ್ಲಿ ಮಾತಿನಲ್ಲೂ ಉಂಟು. ಉತ್ತರದ ಊರುಗಳಲ್ಲಿ ಬಾಯಿಮಾತಿಗೆ ಬರುವುದು ಕಡಿಮೆ. ಮೊದಲ ವರ್ಷ ಓದಿದಾಗ ಗುರುತು ಸಿಕ್ಕರೆ ಸಾಕು.

ಹೆಜ್ಜೆ 5: ಒಂದೇ ಬುಡ, ಎರಡು ಕೊಂಬೆ

ಭವಿಷ್ಯತ್ತನ್ನೂ ಕೊಂದಿತ್ಸಿಯೊನಾಲೆ ಎಂಬ ಷರತ್ತಿನ ರೂಪವನ್ನೂ ಜೊತೆಯಲ್ಲೇ ಕಲಿಯಿರಿ. ಎರಡಕ್ಕೂ ಬುಡ ಒಂದೇ: 'ಪರ್ಲೆರ್'. ಭವಿಷ್ಯತ್: ಪರ್ಲೆರೋ, ಪರ್ಲೆರಾಯ್, ಪರ್ಲೆರಾ, ಪರ್ಲೆರೇಮೊ, ಪರ್ಲೆರೇತೆ, ಪರ್ಲೆರನ್ನೊ. ಬಾಲಗಳನ್ನು ಕೇಳಿಸಿಕೊಳ್ಳಿ. ಓ, ಆಯ್, ಆ, ಅನ್ನೊ. ಎರಡನೇ ಹೆಜ್ಜೆಯ ಅವೇರೆಯೇ ಇಲ್ಲಿ ಬಂದು ಅಂಟಿಕೊಂಡಿದೆ! ಜನಬಳಕೆಯ ಲ್ಯಾಟಿನ್‌ನಲ್ಲಿ 'ಮಾತಾಡುವುದಿದೆ' ಎಂಬಂತೆ ಎರಡು ಪದ ಹೇಳುತ್ತಿದ್ದರು. ಅದು ಬೆಸೆದು ಒಂದೇ ಪದ ಆಯಿತು.

ಕೊಂದಿತ್ಸಿಯೊನಾಲೆ: ಪರ್ಲೆರೇಯ್, ಪರ್ಲೆರೆಸ್ತಿ, ಪರ್ಲೆರೆಬ್ಬೆ, ಪರ್ಲೆರೆಮ್ಮೊ, ಪರ್ಲೆರೆಸ್ತೆ, ಪರ್ಲೆರೆಬ್ಬೆರೊ. 'ಮಾತಾಡುತ್ತಿದ್ದೆ, ಆದರೆ...' ಅನ್ನುವಾಗ ನಮ್ಮ ಮನಸ್ಸಿನಲ್ಲಿರುವ ಅರ್ಥ ಇದು. ಪರ್ಲೆರೇಮೊ ಅಂದರೆ 'ಮಾತಾಡುವೆವು'. ಪರ್ಲೆರೆಮ್ಮೊ ಅಂದರೆ 'ಮಾತಾಡುತ್ತಿದ್ದೆವು, ಅವಕಾಶ ಇದ್ದಿದ್ದರೆ'. ನಡುವೆ ಇರುವುದು ಒಂದು ಮ-ಒತ್ತು ಮಾತ್ರ. ನನ್ನ ತರಗತಿಯಲ್ಲಿದ್ದ ಕೆಲವರಿಗೆ ಈ ವ್ಯತ್ಯಾಸ ಕೇಳಿಸುತ್ತಲೇ ಇರಲಿಲ್ಲ. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ಕಿವಿಗೆ ಅದು ತಾನಾಗಿ ಕೇಳಿಸುತ್ತದೆ.

ಬುಡ ಬದಲಾಗುವ ಕೆಲವನ್ನು ಮಾತ್ರ ನೆನಪಿಡಿ: ಹೋಗಲು 'ಅಂದ್ರ್', ಬರಲು 'ವೆರ್ರ್', ಬಯಸಲು 'ವೊರ್ರ್', ಇರಲು 'ಸರ್'. ಒಂದು ಕಲಿತರೆ ಎರಡೂ ರೂಪಕ್ಕೆ ಆಯಿತು.

ಕಾಫಿ ಬಾರ್‌ನಲ್ಲಿ 'ವೋಲ್ಯೊ ಉನ್ ಕಫೇ', 'ನನಗೆ ಕಾಫಿ ಬೇಕು', ಅಂದರೆ ಒರಟು. 'ವೊರ್ರೇಯ್ ಉನ್ ಕಫೇ' ಅನ್ನಬೇಕು. 'ವೊಲೇವೊ' ಎಂಬ ಇಂಪೆರ್ಫೆತ್ತೊ ಕೂಡ ನಡೆಯುತ್ತದೆ. ನಾವು ಅಂಗಡಿಯಲ್ಲಿ "ಒಂದು ಪೆನ್ ಬೇಕಿತ್ತು" ಅನ್ನುವುದಿಲ್ಲವೇ? ಬೇಕಾಗಿರೋದು ಈಗ, ಹೇಳೋದು ಭೂತಕಾಲದಲ್ಲಿ. ಆ ನಯ ಎರಡೂ ಕಡೆ ಇದೆ.

ಹೆಜ್ಜೆ 6: 'ಮಳೆ ಬಂದೀತು'

ಎಲ್ಲರೂ ಹೆದರುವ ಕೊಂಜುಂತೀವೊ ಇದು. ಖಚಿತವಾಗಿ ಗೊತ್ತಿಲ್ಲದ್ದನ್ನು, ಅನಿಸಿಕೆ, ಆಸೆ, ಅನುಮಾನಗಳನ್ನು ಹೇಳುವ ರೂಪ. 'ಮಳೆ ಬರುತ್ತೆ' ಅನ್ನುವುದಕ್ಕೂ 'ಮಳೆ ಬಂದೀತು' ಅನ್ನುವುದಕ್ಕೂ ಇರುವ ಅಂತರ ಗೊತ್ತಲ್ಲ? ನಮ್ಮ ಸಂಭಾವನಾರ್ಥಕ ಇದಕ್ಕೆ ಪೂರ್ತಿ ಸಮವಲ್ಲ, ಆದರೆ ಮನಸ್ಸಿನ ಭಾವ ಹತ್ತಿರದ್ದು. 'ಪ್ಯೋವೆ', ಮಳೆ ಬರುತ್ತಿದೆ. 'ಪೆನ್ಸೊ ಕೆ ಪ್ಯೋವ', ಮಳೆ ಬರುತ್ತಿರಬೇಕು ಅನ್ಸುತ್ತೆ.

ಮಾಡುವ ರೀತಿ ಅದಲು ಬದಲು. 'ಆರೆ' ಗುಂಪಿಗೆ ಇ ಬರುತ್ತದೆ: ಪಾರ್ಲ ಹೋಗಿ ಪಾರ್ಲಿ. ಉಳಿದ ಎರಡು ಗುಂಪಿಗೆ ಅ ಬರುತ್ತದೆ: ಪ್ಯೋವೆ ಹೋಗಿ ಪ್ಯೋವ. ನಿಯಮ ತಪ್ಪುವ ಹೆಚ್ಚಿನವುಗಳಿಗೆ 'ನಾನು' ರೂಪದಿಂದ ಹೊರಡಿ. ವೆಂಗೊ (ಬರುತ್ತೇನೆ) ಇಂದ ವೆಂಗ, ದೀಕೊ (ಹೇಳುತ್ತೇನೆ) ಇಂದ ದೀಕ. ಅಂಗಡಿಯವರು "ದೀಕ!" ಅಂದರೆ 'ಹೇಳಿ, ಏನು ಬೇಕು?' ಅಂತ. ಮರ್ಯಾದೆಯ ಆಜ್ಞೆಗೆ ಬಳಸುವುದೂ ಇದೇ ರೂಪ.

ಇದರ ವರ್ತಮಾನದಲ್ಲಿ ನಾನು, ನೀನು, ಅವನು ಮೂವರಿಗೂ ಒಂದೇ ಬಾಲ. ಆಗ ಯಾರು ಅಂತ ಹೇಗೆ ತಿಳಿಯಬೇಕು? ಸರ್ವನಾಮ ಹಾಕಿ. ನನ್ನ ನೋಟ್‌ಬುಕ್‌ನಲ್ಲಿ ಕೊಂಜುಂತೀವೊ ಪಾಠದ ಪುಟದಲ್ಲಿ ಅದೇ ಕೆಂಪು ಪೆನ್ನು 'ಈಯೊ'ವನ್ನು ಮತ್ತೆ ಬರೆದು ಸೇರಿಸಿತ್ತು.

ಅಭ್ಯಾಸ ಹೀಗೆ

ಎಸ್ಸೆರೆ, ಅವೇರೆ, ಫಾರೆ (ಮಾಡು), ಅಂದಾರೆ (ಹೋಗು), ವೆನೀರೆ (ಬರು), ದೀರೆ (ಹೇಳು), ವೊಲೇರೆ (ಬಯಸು), ಪೊತೇರೆ (ಸಾಧ್ಯವಾಗು), ದೊವೇರೆ (ಮಾಡಲೇಬೇಕಾಗು). ಈ ಒಂಬತ್ತನ್ನು ಮೊದಲು ಹಿಡಿಯಿರಿ. ಪ್ರತಿ ರಾತ್ರಿ ನಿನ್ನೆಯದನ್ನು ಮೂರು ವಾಕ್ಯ, ನಾಳೆಯದನ್ನು ಮೂರು ವಾಕ್ಯ ಬರೆದು ಜೋರಾಗಿ ಓದಿ. ಸುಮ್ನೆ ಕಣ್ಣಾಡಿಸಿದರೆ ಸಾಲದು. ಮದುವೆ ಅಥವಾ ವಾಸದ ಆಧಾರದ ಮೇಲೆ ಇಟಲಿಯ ಪೌರತ್ವ ಕೇಳುವವರಿಗೆ 2018ರ ಕೊನೆಯಿಂದ ಸಾಮಾನ್ಯವಾಗಿ ಬಿ1, ಅಂದರೆ ಮಧ್ಯಮ ಮಟ್ಟದ, ಭಾಷಾ ಪ್ರಮಾಣಪತ್ರ ಬೇಕು. ಪೆರುಜ ಮತ್ತು ಸಿಯೇನಾದಲ್ಲಿರುವ ವಿದೇಶಿಯರ ವಿಶ್ವವಿದ್ಯಾಲಯಗಳು ಆ ಪರೀಕ್ಷೆಗಳನ್ನು ನಡೆಸುತ್ತವೆ. ಆ ಗುರಿ ಇದ್ದವರು ಮೂರನೇ, ನಾಲ್ಕನೇ ಹೆಜ್ಜೆಗಳ ಮೇಲೆ ಜಾಸ್ತಿ ಸಮಯ ಹಾಕಿ.

ಕೊನೆಗೆ ಒಂದು ವಾಕ್ಯ ಒಡೆದು ನೋಡಿ. "ಗೊತ್ತಿದ್ದಿದ್ದರೆ ಬರುತ್ತಿದ್ದೆ": ಸೆ ಲವೆಸ್ಸಿ ಸಪೂತೊ, ಸರೇಯ್ ವೆನೂತ. 'ಅವೆಸ್ಸಿ' ಕೊಂಜುಂತೀವೊದಲ್ಲಿರುವ ಅವೇರೆ, 'ಸರೇಯ್' ಕೊಂದಿತ್ಸಿಯೊನಾಲೆಯಲ್ಲಿರುವ ಎಸ್ಸೆರೆ. 'ನಾವು' ಅಂತ ಬದಲಿಸಿದರೆ ಸೆ ಲವೆಸ್ಸಿಮೊ ಸಪೂತೊ, ಸರೆಮ್ಮೊ ವೆನೂತಿ. 'ಬರುತ್ತಿದ್ದೆ' ಬದಲು 'ಹೋಗುತ್ತಿದ್ದೆ', 'ತಿನ್ನುತ್ತಿದ್ದೆ' ನೀವೇ ಹಾಕಿ ನೋಡಿ. 'ತಿನ್ನುತ್ತಿದ್ದೆ' ಬಂದಾಗ 'ಸರೇಯ್' ಬಿಟ್ಟು 'ಅವ್ರೇಯ್' ತರಬೇಕು. ಅದು ಸಕರ್ಮಕ.