ಕೋವಿಡ್ ವಾರ್ಡಿನಲ್ಲಿ ಸ್ಕೋರ್ ಹಾಕಿದ್ದು ಹೀಗೆ

2021ರ ಏಪ್ರಿಲ್–ಮೇ ತಿಂಗಳು. ಕಾರವಾರದ ಕೋವಿಡ್ ವಾರ್ಡಿನಲ್ಲಿ ನನ್ನ ಡ್ಯೂಟಿ. ಮನೆಯವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ಸಿಟಿ ಸ್ಕೋರ್ 25ಕ್ಕೆ ಎಷ್ಟು ಬಂತು ಡಾಕ್ಟ್ರೇ?' ಥೇಟ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿದ ಹಾಗೆ. ಶ್ವಾಸಕೋಶ ಎಷ್ಟು ಕೆಟ್ಟಿದೆ ಅಂತ ಸಿಟಿ ಸ್ಕ್ಯಾನ್ ಹೇಳುತ್ತದೆ, ಅಷ್ಟೇ. ನಾನು ಹಾಕುತ್ತಿದ್ದದ್ದು 4ಸಿ ಸ್ಕೋರ್, ಕೋವಿಡ್ ರೋಗಿಯ ಸಾವಿನ ಅಪಾಯ ಎಷ್ಟು ಅಂತ ಅಂದಾಜು ಮಾಡುವ ಲೆಕ್ಕ.

ಬ್ರಿಟನ್ನಿನ ಆಸ್ಪತ್ರೆಗಳ ರೋಗಿಗಳನ್ನು ನೋಡಿ 2020ರಲ್ಲಿ ಮಾಡಿದ್ದು ಇದು. ವಯಸ್ಸು, ಗಂಡೋ ಹೆಣ್ಣೋ, ಮೊದಲಿನ ಕಾಯಿಲೆಗಳು, ಉಸಿರಾಟದ ವೇಗ, ಆಕ್ಸಿಜನ್ ಕೊಡದೆ ನೋಡಿದ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ), ಎಚ್ಚರ, ರಕ್ತದ ಯೂರಿಯಾ, ಉರಿಯೂತ ತೋರಿಸುವ ಸಿಆರ್‌ಪಿ. ಒಟ್ಟು 21 ಅಂಕ. 3ರೊಳಗಿದ್ದರೆ ಸಾವಿನ ಭಯ ತೀರಾ ಕಡಿಮೆ. 15 ಮುಟ್ಟಿದರೆ ಅವರ ಲೆಕ್ಕದಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಸಾವು. ಅವರ ಯೂರಿಯಾ ಮಿಲಿಮೋಲ್‌ನಲ್ಲಿ, ನಮ್ಮ ಲ್ಯಾಬಿನದ್ದು ಮಿಲಿಗ್ರಾಂನಲ್ಲಿ. ಅವರ 7 ಅಂದರೆ ನಮ್ಮ 42, ಅವರ 14 ನಮ್ಮ 84. ಇದನ್ನು ಮೇಜಿನ ಮೇಲೆ ಬರೆದು ಅಂಟಿಸಿದ್ದೆ.

ಈ ಎಂಟು ಅಂಶಗಳಲ್ಲಿ ನಾನೇ ಕೈಯಾರೆ ನೋಡುತ್ತಿದ್ದದ್ದು ಉಸಿರಿನ ಲೆಕ್ಕ. ಕೇಸ್ ಶೀಟಿನಲ್ಲಿ ಎಲ್ಲರದ್ದೂ 20 ಅಂತಲೇ ಇರುತ್ತದೆ, ಸುಮ್ನೆ ಬರೆದುಬಿಡುತ್ತಾರೆ. ನಾಡಿ ಹಿಡಿದ ಹಾಗೆ ಮಾಡಿ ಪೂರ್ತಿ ಒಂದು ನಿಮಿಷ ಎದೆ ನೋಡಬೇಕು. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ಉಸಿರಿನ ವೇಗವೇ ಬದಲಾಗುತ್ತದೆ. 'ಅಡ್ಡಿಲ್ಲ, ಆರಾಮಿದ್ದೇನೆ' ಅಂತ ಫೋನಿನಲ್ಲಿ ಮಾತಾಡುವವರದ್ದೇ 32 ಬರುತ್ತಿತ್ತು.

ಆದರೆ ಈ ಸ್ಕೋರಿನಲ್ಲಿ ವಯಸ್ಸಿನದ್ದೇ ದರ್ಬಾರು. ಸಕ್ಕರೆ, ಹಳೆಯ ಹೃದಯದ ಕಾಯಿಲೆ ಇರುವ 82ರ ಅಜ್ಜಿ ಕೂತು ಗಂಜಿ ಕುಡಿಯುತ್ತಿದ್ದರೂ 9 ಅಂಕ, ಅಂದರೆ ಹೆಚ್ಚು ಅಪಾಯದ ಗುಂಪು. ಬೋಟಿಗೆ ಹೋಗುವ 38ರ ಗಟ್ಟಿ ಆಳು, ಉಸಿರು 32, ಸ್ಯಾಚುರೇಶನ್ 88, ಸಿಆರ್‌ಪಿ 120 ಇದ್ದರೂ 7 ಅಂಕ, ಮಧ್ಯಮ ಗುಂಪು. ಇವತ್ತು ರಾತ್ರಿ ಯಾರ ಹತ್ತಿರ ಕಣ್ಣಿಟ್ಟು ಕೂರಬೇಕು? ಅವನ ಹತ್ತಿರ, ಅಲ್ವಾ? ಆಸ್ಪತ್ರೆಯಲ್ಲಿ ಸಾಯುವ ಸಾಧ್ಯತೆ ಎಷ್ಟು ಅಂತ ಹೇಳುವುದಷ್ಟೇ ಸ್ಕೋರಿನ ಕೆಲಸ. ಮುಂದಿನ ಕೆಲವು ಗಂಟೆಗಳಲ್ಲಿ ಯಾರು ಕುಸಿಯುತ್ತಾರೆ ಅಂತ ಅದು ಹೇಳುವುದಿಲ್ಲ.

ಹಾಗಾಗಿ ಅಡ್ಮಿಟ್ ಆದಾಗ ಒಮ್ಮೆ ಸ್ಕೋರ್ ಹಾಕಿ, ಆಮೇಲೆ ಅದೇ ರೋಗಿಯನ್ನು ಅವರ ಬೆಳಗಿನ ಸ್ಥಿತಿಗೆ ಹೋಲಿಸುತ್ತಿದ್ದೆ. ಜ್ವರ ಶುರುವಾಗಿ ಎಷ್ಟನೇ ದಿನ ಅಂತಲೂ ನೋಡುತ್ತಿದ್ದೆ. 'ನಿನ್ನೆಯಿಂದ' ಅನ್ನುವವರೇ ಜಾಸ್ತಿ. 'ಬೋಟಿಗೆ ಹೋಗುವುದು ಯಾವತ್ತು ಬಿಟ್ರಿ?' ಅಂತ ಕೇಳಿದರೆ ಸರಿಯಾದ ದಿನ ಸಿಗುತ್ತಿತ್ತು. ಕೋವಿಡ್ ಜೋರಾಗುವ ಎರಡನೇ ವಾರದ ಹೊಸ್ತಿಲಲ್ಲಿರುವವರಿಗೆ ಬೆಳಿಗ್ಗೆ ನಿಮಿಷಕ್ಕೆ 4 ಲೀಟರ್ ಆಕ್ಸಿಜನ್ ಸಾಕಾದದ್ದು ಸಂಜೆಗೆ 6 ಬೇಕಾದರೆ, ಅಲ್ಲಿಗೆ ನನ್ನ ತೀರ್ಮಾನ ಮುಗಿಯಿತು: ವೆಂಟಿಲೇಟರ್ ಬೆಡ್ ಹುಡುಕು.

ನಮ್ಮಲ್ಲಿ ಖಾಲಿ ಇರದಿದ್ದರೆ ಹುಬ್ಬಳ್ಳಿ. ಅರಬೈಲ್ ಘಾಟ್ ಹತ್ತಿ ಮೂರು ಗಂಟೆಗೂ ಮೇಲಿನ ದಾರಿ. ಸಣ್ಣ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಕ್ಸಿಜನ್. ನಿಮಿಷಕ್ಕೆ 6 ಲೀಟರ್ ಆದರೆ ನಾಲ್ಕು ಗಂಟೆ ಬರುತ್ತದೆ. 15 ಲೀಟರ್ ಆದರೆ 100 ನಿಮಿಷಕ್ಕೆ ಖಾಲಿ. ಇನ್ನೊಂದು ಸಿಲಿಂಡರ್ ಕೊಡಬೇಕು, ಅದು ಇರಬೇಕಲ್ಲ. ಅದಕ್ಕೇ 6 ಲೀಟರಿನಲ್ಲಿರುವಾಗಲೇ ಹೊರಡಿಸುತ್ತಿದ್ದೆ. 'ಇಷ್ಟು ಚೆನ್ನಾಗಿರುವವರನ್ನು ಯಾಕೆ ಕಳಿಸ್ತೀರಿ?' ಅಂತ ಮನೆಯವರು ಜಗಳಕ್ಕೇ ಬರುತ್ತಿದ್ದರು.