ಅಗತೆ ನಿಲ್ಸಿ ಆರು ವರ್ಷ ಆಯ್ತು, ನನ್ನ ಅಡಿಕೆ ತೋಟದ ಅನುಭವ

ತುಮಕೂರು ಜಿಲ್ಲೆ ಗುಬ್ಬಿ ಕಡೆ ನಮ್ದು ಮೂರೂವರೆ ಎಕರೆ ಅಡಿಕೆ, ಕೆಂಪು ಮಣ್ಣು, ಇರೋದು ಒಂದೇ ಬೋರು. 2019ರಲ್ಲಿ ಇನ್ಮೇಲೆ ಅಗತೆ ಇಲ್ಲ, ಅಂದ್ರೆ ಮಣ್ಣು ಅಗೆಯೋಕೆ ತೋಟಕ್ಕೆ ಟಿಲ್ಲರ್ ಇಳ್ಸಲ್ಲ ಅಂದಾಗ ಅಪ್ಪ ಮೂರು ದಿನ ಮಾತೇ ಆಡ್ಲಿಲ್ಲ, ಪಕ್ಕದ ತೋಟದವ್ರು "ಅಗತೆ ಕಾಣದ ತೋಟ ಹಾಳು ಬಿದ್ದಂಗೆ ಕಣಪ್ಪ" ಅಂದ್ರು. ಈಗ ಅವ್ರೇ ಬಂದು ನೆಲ ಮುಚ್ಚೋ ಬೆಳೆ ಬೀಜ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಯಾಕೆ ನಿಲ್ಸಿದೆ ಅಂದ್ರೆ, ಒಂದ್ಸಲ ಟಿಲ್ಲರ್ ಹೊಡ್ಸಿದ ಮಾರನೇ ದಿನ ಪೈಪ್ ರಿಪೇರಿಗೆ ಅಂತ ಗುಂಡಿ ತೆಗ್ದೆ, ಮೇಲಿನ ಅರ್ಧ ಅಡಿಲಿ ಅಡಿಕೆಯ ಬಿಳಿ ಬೇರುಗಳೆಲ್ಲ ಸೊಪ್ಪು ಕೊಚ್ಚಿದಂಗೆ ತುಂಡಾಗಿ ಬಿದ್ದಿತ್ತು. ಮೆಣಸಿನ ಬಳ್ಳಿ ಕಥೆನೂ ಅದೇ, ಅಗತೆ ಆದ ವರ್ಷವೆಲ್ಲ ಮಳೆ ಹಿಡಿದ ಮೇಲೆ ಇಪ್ಪತ್ತು ಮೂವತ್ತು ಬಳ್ಳಿ ಸೊರಗು ರೋಗಕ್ಕೆ ಹೋಗೋವು. ಗಾಯ ಆದ ಬೇರಿಗೆ ರೋಗ ಸಲೀಸಾಗಿ ನುಗ್ಗುತ್ತೆ, ಅದನ್ನ ನಾವೇ ದುಡ್ಡು ಕೊಟ್ಟು ಮಾಡಿಸ್ತಿದ್ವಿ.

ಮೊದಲ ವರ್ಷ ಪೂರ್ತಿ ಸೋತೆ. ಉಳೋದು ನಿಲ್ಸಿದ್ರೆ ಸಾಕು ಅನ್ಕೊಂಡಿದ್ದೆ, ಕಾಂಗ್ರೆಸ್ ಗಿಡ ಸೊಂಟದ ಮಟ್ಟ ಬಂತು, ನೆಲ ಸಿಮೆಂಟ್ ಥರ ಗಟ್ಟಿಯಾಯ್ತು. ಆಮೇಲೆ ಸುಲಿದ ಅಡಿಕೆ ಸಿಪ್ಪೆ ಎರಡು ಟ್ರ್ಯಾಕ್ಟರ್ ತಂದು ಬುಡಕ್ಕೇ ಸುರಿದೆ, ಅದು ದೊಡ್ಡ ತಪ್ಪು. ಒಣ ಸಿಪ್ಪೆ ಕೊಳೆಯೋಕೆ ಮಣ್ಣಲ್ಲಿರೋ ಸಾರಜನಕನೆಲ್ಲ ತಾನೇ ಎಳ್ಕೊಳ್ತು, ಗರಿ ಹಳದಿ ತಿರುಗ್ತು, ಆ ವರ್ಷ ಹೆಚ್ಚು ಕಮ್ಮಿ ಐದು ಕ್ವಿಂಟಾಲು ಖೋತಾ. ಅಪ್ಪನ ಮುಖ ನೋಡೋಕಾಗ್ತಿರ್ಲಿಲ್ಲ. ಈಗ ಸಿಪ್ಪೆನ ಒಂದು ಮಳೆಗಾಲ ಗುಡ್ಡೆ ಹಾಕಿ ಸಗಣಿ ಬಗ್ಗಡ ಹುಯ್ದು ಆಮೇಲೆ ಸಾಲಿನ ನಡುವೆ ಹರಡ್ತೀನಿ, ಬುಡದಿಂದ ಎರಡಡಿ ದೂರ.

ಕೊನೆಗೆ ಕೈ ಹಿಡಿದಿದ್ದು ವೆಲ್ವೆಟ್ ಬೀನ್ಸ್ ಅನ್ನೋ ನೆಲ ಮುಚ್ಚೋ ಬಳ್ಳಿ, ನಮ್ಮ ನಸುಗುನ್ನಿ ಜಾತಿದೇ, ಆದ್ರೆ ಇದಕ್ಕೆ ತುರಿಕೆ ಇಲ್ಲ. ಮುಂಗಾರು ಹದಕ್ಕೆ ಎಕರೆಗೆ ಹತ್ತು ಕೆಜಿ ಹತ್ರ ಹಾಕ್ದೆ, ಎರಡು ತಿಂಗಳಿಗೆ ನೆಲನೇ ಕಾಣ್ಲಿಲ್ಲ, ಕಾಂಗ್ರೆಸ್ ಗಿಡ ನೆರಳಿಗೇ ಸತ್ತೋಯ್ತು. ಆದ್ರೆ ಒಂದು ವಾರ ಮದುವೆ ಓಡಾಟದಲ್ಲಿ ತೋಟದ ಕಡೆ ಹೋಗ್ಲಿಲ್ಲ ನೋಡಿ, ಅಷ್ಟರಲ್ಲಿ ಎಳೇ ಅಡಿಕೆ ಸಸಿ, ಬಾಳೆ ಎಲ್ಲ ಸುತ್ಕೊಂಡು ಬಗ್ಗಿಸ್ಬಿಟ್ಟಿತ್ತು, ಬಿಡಿಸೋಕೆ ನಾಲ್ಕು ಆಳು ಹಿಡೀತು. ಸಣ್ಣ ಸಸಿ ಇರೋ ಕಡೆ ಅಲಸಂದೆ ಇಲ್ಲಾ ಹುರುಳಿನೇ ವಾಸಿ. ಯಾವ್ದೇ ಹಾಕಿದ್ರೂ ಹೂ ಬಿಡೋ ಮುಂಚೆ ಕತ್ತರಿಸಿ ಅಲ್ಲೇ ಮಲಗಿಸ್ಬೇಕು, ಬಲಿತ್ರೆ ನಾರಾಗುತ್ತೆ.

ದುಡ್ಡಿನ ವಿಷ್ಯ. ಮೊದ್ಲು ಎರಡು ಸಲ ಟಿಲ್ಲರ್, ಬುಡ ಬಿಡಿಸೋ ಆಳು ಎಲ್ಲ ಸೇರಿ ವರ್ಷಕ್ಕೆ ಇಪ್ಪತ್ತೆಂಟು ಮೂವತ್ತು ಸಾವಿರ. ಈಗ ಕಳೆ ಕತ್ತರಿಸೋ ಬ್ರಷ್ ಕಟರ್ ಮಿಷನ್ನು ಮೂರು ಸಲ, ಪೆಟ್ರೋಲು ಆಳು ಸೇರಿ ಹನ್ನೆರಡು ಸಾವಿರ ದಾಟಿಲ್ಲ. ಕಟರ್‌ಗೆ ಇಪ್ಪತ್ನಾಲ್ಕು ಸಾವಿರ ಬಿತ್ತು, ಮೊದಲ ವಾರನೇ ಹನಿ ನೀರಾವರಿ ಪೈಪು (ಡ್ರಿಪ್ ಲ್ಯಾಟರಲ್) ಕೊಯ್ದು ನಾಲ್ಕು ಸಾವಿರ ಹೋಯ್ತು, ಅದೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ತಳ ತೆಗ್ದ ಹಳೇ ಡಬ್ಬ ಮಣ್ಣಿಗೆ ಒತ್ತಿ ಒಂದು ಚೊಂಬು ನೀರು ಹುಯ್ದು ನೋಡೋದು ನನಗೊಂದು ಚಟ. ಮೊದ್ಲು ಇಂಗೋಕೆ ಅರ್ಧ ಗಂಟೆ, ಈಗ ನಾಲ್ಕೈದು ನಿಮಿಷ.

2023ರ ಬರ ಆದ್ಮೇಲೆ 2024ರ ಬೇಸಿಗೆಲಿ ನಮ್ಮ ಬೋರಿನ ನೀರು ಅರ್ಧ ಇಂಚಿಗೆ ಇಳೀತು. ಸುತ್ತ ಟ್ಯಾಂಕರ್ ಓಡಾಡ್ತಿತ್ತು, ನಾನು ಒಂದು ಟ್ಯಾಂಕರೂ ಹೊಡ್ಸಿಲ್ಲ, ಆರು ದಿನಕ್ಕೊಂದು ಸಲ ನೀರು ಬಿಟ್ರೂ ಸೊಪ್ಪು ಸಿಪ್ಪೆ ಹೊದಿಕೆ ಸರಿಸಿದ್ರೆ ಮಣ್ಣು ಕೈಗೆ ತಣ್ಣಗೆ ಸಿಗೋದು. ಒಂದು ಮರನೂ ಹೋಗ್ಲಿಲ್ಲ. ತಗ್ಗಲ್ಲಿ ನೀರು ನಿಲ್ಲೋ ತೋಟ ಇರೋರು ಮಾತ್ರ ಮೊದ್ಲು ಬಸಿಗಾಲುವೆ ತೆಗೀರಿ, ಆಮೇಲೆ ಹೊದಿಕೆ. ಈ ಸಲ ಅಪ್ಪನೇ ಬೀಜ ಆರಿಸಿ ಡ್ರಮ್ಮಿಗೆ ತುಂಬಿಟ್ಟವ್ರೆ.