ರಕ್ತ ಏರಿಸಿದರೂ ಮತ್ತೆ ಮತ್ತೆ ಇಳಿಯುತ್ತಿದೆಯೇ? ಕರುಳನ್ನೊಮ್ಮೆ ನೋಡಿಸಿ

ಅರವತ್ತು ದಾಟಿದ ಅಪ್ಪನೋ ಅವ್ವನೋ ‘ಯಾಕೋ ಸುಸ್ತು’ ಎಂದರೆ ನಮ್ಮ ದಾವಣಗೆರೆ ಕಡೆ ಮೊದಲು ನಡೆಯುವುದು ಡ್ರಿಪ್ಸ್ ಮತ್ತು ಟಾನಿಕ್. ಹಿಮೋಗ್ಲೋಬಿನ್ ತೀರಾ ಕಡಿಮೆಯಾದರೆ ಒಂದು ಬಾಟಲಿ ರಕ್ತ. ಎರಡು ಮೂರು ತಿಂಗಳಿಗೆ ಮತ್ತೆ ಅದೇ ಸುಸ್ತು. ಏರಿಸಿದ ರಕ್ತ ಎಲ್ಲಿ ಹೋಯಿತು ಎಂದು ಕೇಳಬೇಕಲ್ವಾ?

ಎಷ್ಟೋ ಸಲ ಅದು ಹೊಟ್ಟೆ, ಕರುಳಿನಲ್ಲೇ ಸೋರುತ್ತಿರುತ್ತದೆ. ಹುಣ್ಣು, ಗಡ್ಡೆ, ಪೈಲ್ಸ್ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಆಂಜಿಯೋಡಿಸ್ಪ್ಲೇಸಿಯಾ. ವಯಸ್ಸಾದಂತೆ ಕೆಲವರ ಕರುಳಿನ ಒಳಪದರದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ, ತೆಳುವಾಗಿ, ಗೋಜಲಾಗುತ್ತವೆ. ದೊಡ್ಡ ಕರುಳಿನ ಬಲಭಾಗದಲ್ಲಿ ಇದು ಜಾಸ್ತಿ. ಇದು ಕ್ಯಾನ್ಸರ್ ಅಲ್ಲ. ನೋವೂ ಇರುವುದಿಲ್ಲ. ನೋವಿಲ್ಲದ್ದರಿಂದಲೇ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಮೊದಲು ಮಲದ ಬಣ್ಣ ಗಮನಿಸಿ. ನಾಚಿಕೆ ಬೇಡ, ಹಿರಿಯರನ್ನು ನೇರವಾಗಿ ಕೇಳಿ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ನಾತವಿದ್ದರೆ ರಕ್ತ ಹೆಚ್ಚಾಗಿ ಮೇಲಿನಿಂದ, ಅಂದರೆ ಜಠರ ಅಥವಾ ಸಣ್ಣ ಕರುಳಿನ ಮೊದಲ ಭಾಗದಿಂದ ಬಂದಿರುತ್ತದೆ. ಕಡುಗೆಂಪು ಇದ್ದರೆ ಹೆಚ್ಚಾಗಿ ಕೆಳಗಿನಿಂದ. ಐರನ್ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. ಬಣ್ಣ ಸರಿಯಿದ್ದರೂ ಹನಿಹನಿಯಾಗಿ ಸೋರುತ್ತಿರಬಹುದು. ರಕ್ತ ಒಮ್ಮೆಲೇ ಜಾಸ್ತಿ ಹೋಗಿ, ತಲೆ ತಿರುಗಿ, ಮೈ ತಣ್ಣಗಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಆಮೇಲೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಜೊತೆಗೆ ಫೆರಿಟಿನ್ ಕೂಡ ಮಾಡಿಸಿ, ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಎಂದು ಅದು ಹೇಳುತ್ತದೆ. ಮಲದಲ್ಲಿ ಕಾಣದ ರಕ್ತ ಹುಡುಕುವ ಪರೀಕ್ಷೆಯೂ ಇದೆ. ಒಮ್ಮೆ ‘ನೆಗೆಟಿವ್’ ಬಂತೆಂದು ಬಿಟ್ಟುಬಿಡಬೇಡಿ. ಈ ನಾಳಗಳು ಸೋರುತ್ತವೆ, ನಿಲ್ಲುತ್ತವೆ, ಮತ್ತೆ ಸೋರುತ್ತವೆ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳೆಲ್ಲ ಒಂದು ಚೀಲದಲ್ಲಿರಲಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ಕೂಡ. ಹೃದಯಕ್ಕೆಂದು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಡಾಕ್ಟರೇ ತೀರ್ಮಾನಿಸಬೇಕು. ಕಿಡ್ನಿ ತೊಂದರೆ ಇದ್ದರೆ ಹೇಳಿ, ಅಂಥವರಲ್ಲಿ ಈ ಕಾಯಿಲೆ ಹೆಚ್ಚು. ನಡೆದರೆ ಏದುಸಿರು, ಕಣ್ಣು ಕತ್ತಲೆ ಬರುವುದಿದ್ದರೆ ಅದನ್ನೂ ಹೇಳಿ. ಅದು ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಅಂದರೆ ಅಯೋರ್ಟಿಕ್ ಕವಾಟ, ಕಿರಿದಾದ ಲಕ್ಷಣವಿರಬಹುದು. ಅಂಥ ಕೆಲವರಲ್ಲೂ ಕರುಳಿನಿಂದ ರಕ್ತ ಸೋರುತ್ತದೆ. ಹೈಡ್ ಎಂಬ ವೈದ್ಯರು 1958ರಲ್ಲೇ ಈ ನಂಟನ್ನು ಗುರುತಿಸಿದರು. ಇಕ್ಕಟ್ಟಿನಲ್ಲಿ ನುಗ್ಗುವ ರಕ್ತದ ರಭಸಕ್ಕೆ, ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನ್ ತುಂಡಾಗುತ್ತದೆ. ಕವಾಟ ಬದಲಿಸಿದ ಮೇಲೆ ಎಷ್ಟೋ ಜನರಿಗೆ ಕರುಳಿನ ಸೋರಿಕೆಯೂ ನಿಂತಿದೆ.

ಮುಂದಿನದು ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ, ಗುದದಿಂದ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ. ಕೊಲೊನೋಸ್ಕೋಪಿಯಲ್ಲಿ ಅರ್ಧ ಕೆಲಸ ಮನೆಯಲ್ಲೇ ಆಗಬೇಕು. ಐರನ್ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಒಂದೆರಡು ದಿನ ಮೊದಲಿನಿಂದ ರಾಗಿ ಮುದ್ದೆ, ಸೊಪ್ಪು, ಕಾಳು ಬೇಡ. ಮಿರ್ಚಿ ಮಂಡಕ್ಕಿಯೂ ಬೇಡ. ಹಿಂದಿನ ದಿನ ಎಳನೀರು, ತಿಳಿಸಾರಿನಂಥ ತೆಳು ನೀರು ಮಾತ್ರ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಎಷ್ಟು, ಏನು ಕುಡಿಯಬೇಕೆಂದು ಕೇಳಿಕೊಂಡು ಬರಲಿ. ಭೇದಿಯ ಪುಡಿ ಕಲಸಿದ ನೀರನ್ನು ‘ಸಾಕು’ ಎಂದು ಅರ್ಧಕ್ಕೆ ಬಿಡಬಾರದು. ಕೊನೆಗೆ ಹೊರಬರುವುದು ತಿಳಿಯಾದ ಹಳದಿ ನೀರಾಗಿರಬೇಕು. ಹುಡುಕುತ್ತಿರುವುದು ಕೆಲವೇ ಮಿಲಿಮೀಟರ್ ಅಗಲದ, ಕವಲೊಡೆದ ಕೆಂಪು ಚುಕ್ಕೆ. ಚೂರು ಮಲ ಉಳಿದರೂ ಅದರಡಿ ಅಡಗಿಬಿಡುತ್ತದೆ.

ಸಿಕ್ಕರೆ ಅದೇ ಕೊಳವೆಯಿಂದ ಆರ್ಗಾನ್ ಅನಿಲ ಮತ್ತು ವಿದ್ಯುತ್ ಬಳಸಿ ಸುಟ್ಟು ಮುಚ್ಚುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಎರಡರಲ್ಲೂ ಏನೂ ಸಿಗದೆ ರಕ್ತ ಇಳಿಯುತ್ತಲೇ ಇದ್ದರೆ ಸಣ್ಣ ಕರುಳು ನೋಡಲು ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸುತ್ತಾರೆ. ಸುಮಾರು ಎಂಟು ಗಂಟೆ ಫೋಟೋ ತೆಗೆಯುತ್ತಾ ಸಾಗುತ್ತದೆ. ಆ ಸೌಲಭ್ಯ ಎಲ್ಲಿದೆ, ಖರ್ಚೆಷ್ಟು ಎಂದು ಮೊದಲೇ ಕೇಳಿ. ಆಯುಷ್ಮಾನ್ ಕಾರ್ಡ್ ಇದ್ದರೆ ಯಾವುದಕ್ಕೆ ಅನ್ವಯಿಸುತ್ತದೆ ಎಂದೂ ವಿಚಾರಿಸಿ.

ಒಂದು ಕಡೆ ಮುಚ್ಚಿದರೂ ಇನ್ನೊಂದು ಕಡೆ ಸೋರುವುದು ಈ ಕಾಯಿಲೆಯಲ್ಲಿ ಮಾಮೂಲು. ಹಾಗಾಗಿ ಹಿಮೋಗ್ಲೋಬಿನ್ ಎಷ್ಟು ದಿನಕ್ಕೊಮ್ಮೆ ನೋಡಿಸಬೇಕು, ಐರನ್ ಎಷ್ಟು ಕಾಲ ಬೇಕು ಎಂದು ಮನೆಗೆ ಹೊರಡುವ ಮುಂಚೆಯೇ ಬರೆಸಿಕೊಳ್ಳಿ.